ಒಂದು ಮಾರು ಹಗ್ಗ

"ಹಗ್ಗ ಇನ್ನೂ ಒಣಗಲಿಲ್ಲ. ನಾಳೆ ಬಿಸಿಲು ಬಿದ್ರೆ ಹೊರಗೆ ಹಾಕಿ. ಕೇಳಿತಾ?"

ಹೆಂಡತಿ ಅವನಿಗೆ ಹೇಳಿದ ಕೊನೆಯ ಮಾತು ಅದು. ಅವನಿಗೆ ಕೇಳಿತ್ತು. ಆದರೆ ಅವನು ಮಾತಿಗೆ ನಿಧಾನದವನು. ಒಂದು ಹೂಂ ಬರಬೇಕಾದರೂ ಅದು ಹೊಟ್ಟೆಯಿಂದ ಹೊರಟು, ಎದೆಯಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೆ ಬಾಯಿಗೆ ಬರಬೇಕು. ಅದು ಬರುವಷ್ಟರಲ್ಲಿ ಅವಳು ಗೋಡೆ ಕಡೆ ಹೊರಳಿದ್ದಳು. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡ. ಬೆಳಿಗ್ಗೆ ಅವಳು ಇರಲಿಲ್ಲ.

ಆ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಒಳ್ಳೆಯ ಬಿಸಿಲು. ಜನ ಬಂದರು, ಅವಳನ್ನು ಎತ್ತಿದರು, ಹೋದರು, ಮಿಂದು ಮನೆಗೆ ಮರಳಿದರು. ಹಗ್ಗ ಒಲೆಯ ಮೇಲಿನ ಗೂಟದಲ್ಲೇ ತೂಗುತ್ತಿತ್ತು.

ಅದು ಕಡಲಂಚಿನ ಊರು. ಅರವತ್ತೊಂದು ಮನೆ. ದಡದಿಂದ ಕಡಲೊಳಗೆ ಒಂದು ಕಲ್ಲಿನ ಏರಿ ಹೋಗುತ್ತದೆ. ಏರಿಯ ತುದಿಗೆ ಒಂದು ಕಪ್ಪು ಬಂಡೆ. ಬಂಡೆಯಿಂದ ಈಚೆ ಬಂದ ದೋಣಿ ಬಂತು. ಆಚೆ ಉಳಿದ ದೋಣಿಯ ಮಾತು ಯಾರೂ ಆಡುವುದಿಲ್ಲ. ಮಾಗಿಯ ಚಳಿ ಶುರುವಾದರೆ ಮೂರು ತಿಂಗಳು ಬಡಗಾಳಿ. ಗಾಳಿ ಬೀಸಿದರೆ ತೆರೆ ಏಳುತ್ತದೆ. ತೆರೆ ಎದ್ದರೆ ಬಂಡೆಯ ಹತ್ತಿರ ಹುಟ್ಟು ನೀರಿಗೆ ನಾಟುವುದಿಲ್ಲ. ಅದಕ್ಕಾಗಿ ಆ ಊರಿಗೆ ಹಗ್ಗ.

ಹಗ್ಗ ಇಡೀ ಊರಿನದು, ಆದರೆ ಇಡಿಯಾಗಿ ಯಾರ ಹತ್ತಿರವೂ ಇಲ್ಲ. ಮನೆಗೊಂದು ಮಾರು. ಮನೆಯ ಹೆಂಗಸು ತೆಂಗಿನ ನಾರು ಹೊಸೆದು, ಎರಡೂ ಕೈ ಚಾಚಿ, ಈ ಕೈಯ ಬೆರಳ ತುದಿಯಿಂದ ಆ ಕೈಯ ಬೆರಳ ತುದಿಗೆ ಅಳೆದು, ಗಂಟಿಗೆಂದು ಎರಡು ಗೇಣು ಹೆಚ್ಚು ಬಿಟ್ಟು ಕತ್ತರಿಸುತ್ತಾಳೆ. ಅದೇ ಆ ಮನೆಯ ಮಾರು. ಹೊತ್ತು ವಾಲಿ ದೋಣಿ ಬರುವ ಸಮಯಕ್ಕೆ ಎಲ್ಲರೂ ತಮ್ಮ ತಮ್ಮ ಮಾರು ಹೆಗಲಿಗೆ ಹಾಕಿಕೊಂಡು ಏರಿಗೆ ಬರುತ್ತಾರೆ. ಗಂಟಿಗೆ ಗಂಟು ಬೀಳುತ್ತದೆ. ದಡದ ಕಂಬದಿಂದ ಕಪ್ಪು ಬಂಡೆಯವರೆಗೆ ಒಂದೇ ಹಗ್ಗವಾಗುತ್ತದೆ. ಅವರವರ ಮಾರಿನ ಹಿಂದೆ ಅವರವರು ನಿಲ್ಲುತ್ತಾರೆ. ದೋಣಿಯವರು ಹಗ್ಗಕ್ಕೆ ಕೈ ಹಾಕಿ, ಕೈ ದಾಟಿಸಿ ಕೈ ದಾಟಿಸಿ, ಒಂದು ಮನೆಯ ಮಾರಿನಿಂದ ಇನ್ನೊಂದು ಮನೆಯ ಮಾರಿಗೆ ಬಂದು ದಡ ಮುಟ್ಟುತ್ತಾರೆ. ಕೊನೆಯ ದೋಣಿ ಬಂದ ಕೂಡಲೇ ಗಂಟು ಬಿಚ್ಚಬೇಕು. ಅವರವರ ಮಾರು ಅವರವರ ಮನೆಗೆ. ಹಗ್ಗ ಇಡಿಯಾಗಿ ರಾತ್ರಿ ಹೊರಗೆ ಉಳಿದರೆ ಕಡಲು ಅದನ್ನು ತನ್ನದು ಅಂದುಕೊಳ್ಳುತ್ತದೆ.

ಒಬ್ಬರ ಮಾರನ್ನು ಇನ್ನೊಬ್ಬರು ಮುಟ್ಟಬಾರದು. ಒಂದು ಮನೆಯಲ್ಲಿ ಎರಡು ಮಾರು ಇರಬಾರದು. ಅರವತ್ತೊಂದರಲ್ಲಿ ಒಂದು ಕಡಿಮೆಯಾದರೂ ಹಗ್ಗ ಬಂಡೆ ಮುಟ್ಟುವುದಿಲ್ಲ. ಅದಕ್ಕೆ, ಮನೆಯಲ್ಲಿ ಸಾವಾದರೂ ಹಗ್ಗಕ್ಕೆ ಸೂತಕವಿಲ್ಲ.

ಅವನು ಬಲೆಗೆ ಸೀಸದ ಭಾರ ಕಟ್ಟುವವನು. ಊರು ಅವನನ್ನು ಕರೆಯುತ್ತಿದ್ದದ್ದೂ ಹಾಗೇ, ಭಾರ ಕಟ್ಟುವವ. ದೋಣಿ ಹತ್ತಿದವನಲ್ಲ. ಓದು ಬರಹ ಇಲ್ಲ. ಮಕ್ಕಳಿಲ್ಲ. ಸೀಸದ ಗುಂಡಿನ ಚೀಲ ಸೊಂಟಕ್ಕೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತರೆ ಸಂಜೆಯವರೆಗೆ ಕೂತ. ಇಷ್ಟು ವರ್ಷವೂ ಏರಿಗೆ ಇಬ್ಬರೂ ಹೋಗಿ ನಿಲ್ಲುತ್ತಿದ್ದರು. ಅವಳು ಮಾತಾಡುತ್ತಿದ್ದಳು, ಅವನು ಹಿಡಿದುಕೊಂಡು ನಿಲ್ಲುತ್ತಿದ್ದ.

ಈಗ ಅವನೊಬ್ಬನೇ. ಮೊದಲ ಮೂರು ದಿನ ಅವನು ಒದ್ದೆ ಹಗ್ಗವನ್ನೇ ಹೆಗಲಿಗೆ ಹಾಕಿ ಹೋದ, ಒದ್ದೆ ಹಗ್ಗವನ್ನೇ ತಂದು ಗೂಟಕ್ಕೆ ಹಾಕಿದ. ನಾಲ್ಕನೆಯ ಬೆಳಿಗ್ಗೆ ಮುಟ್ಟಿ ನೋಡಿದರೆ ಹಗ್ಗ ಒಲೆಯ ಬಿಸಿಗೆ ತನ್ನಷ್ಟಕ್ಕೆ ಒಣಗುತ್ತಿತ್ತು. ಅವನ ಕೈ ಹಿಂದೆ ಬಂತು.

ಹಗ್ಗ ಒಣಗಿಸಿ ಅಂತ ಅವಳು ಹೇಳಿದ್ದು. ಹೇಳಿದ ಕೆಲಸ ಬಾಕಿ ಇರುವವರೆಗೆ ಹೇಳಿದವಳೂ ಎಲ್ಲೋ ಕಾಯುತ್ತಾ ಇರುತ್ತಾಳೆ. ಹಾಕಿದಿರಾ, ಇಲ್ಲವಾ, ಇವರಿಗೆ ಒಂದು ಕೆಲಸ ಹೇಳಿದರೆ ಮುಗಿಯಿತು, ಅಂತ ಗೊಣಗುತ್ತಾ ಇರುತ್ತಾಳೆ. ಹಗ್ಗ ಒಣಗಿದರೆ ಅವಳಿಗೆ ಈ ಮನೆಯಲ್ಲಿ ಇನ್ನು ಕೆಲಸವಿಲ್ಲ.

ಅವನು ಅವಳ ಬಿಂದಿಗೆಯಿಂದ ಒಂದು ಚೆಂಬು ಬಾವಿನೀರು ತೆಗೆದು ಹಗ್ಗದ ಮೇಲೆ ಹೊಯ್ದ.

ಆ ಊರಿನ ಎಳೆ ಕೂಸಿಗೂ ಗೊತ್ತಿರುವ ಸಂಗತಿ ಅವನಿಗೂ ಗೊತ್ತಿತ್ತು. ಕಡಲ ನೀರು ನಾರನ್ನು ಕಾಯುತ್ತದೆ, ಸಿಹಿನೀರು ಕೊಳೆಸುತ್ತದೆ. ಅಕಾಲದ ಮಳೆ ಕುಡಿದ ಹಗ್ಗವೆಂದೇ ಅವಳು ಅಷ್ಟು ಚಿಂತೆ ಮಾಡಿದ್ದು. ಗೊತ್ತಿದ್ದೂ ಮರುದಿನ ಒಂದು ಚೆಂಬು ಹೊಯ್ದ. ಅದರ ಮರುದಿನ ಇನ್ನೊಂದು. ಹೊಯ್ಯುವಾಗ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಏರಿಯ ಬಾಯಲ್ಲಿ ಒಬ್ಬ ಮುದುಕಿ ಕೂರುತ್ತಾಳೆ. ಬಂದ ಬಂದವರ ಮಾರಿನ ಎರಡೂ ತುದಿ ನೆಕ್ಕಿ ನೋಡುವುದು ಅವಳ ಕೆಲಸ. ಉಪ್ಪಾಗಿದ್ದರೆ "ಉಂಟು" ಅನ್ನುತ್ತಾಳೆ, ಸಪ್ಪೆಯಾಗಿದ್ದರೆ "ಇಲ್ಲ" ಅನ್ನುತ್ತಾಳೆ. ಬೇರೆ ಮಾತು ಅವಳಿಂದ ಹೊರಡುವುದು ಅಪರೂಪ. ಅವನು ಮನೆಯಿಂದ ಹೊರಟವನು ಮೊದಲು ಹಿತ್ತಿಲ ಕಡೆಯ ದಡಕ್ಕೆ ಇಳಿದು, ಹಗ್ಗದ ಎರಡೂ ತುದಿಯನ್ನು ತೆರೆಯಲ್ಲಿ ಅದ್ದಿ, ಆಮೇಲೆ ಏರಿಗೆ ಬರುತ್ತಿದ್ದ. ಮುದುಕಿ ನೆಕ್ಕುತ್ತಿದ್ದಳು. "ಉಂಟು" ಅನ್ನುತ್ತಿದ್ದಳು. ಅವನು ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದ. ಹಾಗೆ ಹತ್ತೊಂಬತ್ತು ದಿನ.

ಇಪ್ಪತ್ತನೆಯ ದಿನ ಬೆಳಿಗ್ಗೆ ಊರ ಹಿಂದಿನ ದಿಬ್ಬದ ಮೇಲಿನ ಕಂಬದಲ್ಲಿ ಒಂದು ಬಟ್ಟೆ ಏರಿತ್ತು. ಬಡಗು ದಿಕ್ಕಿಗೆ ಕಡಲೊಳಗೆ ಚಾಚಿದ ಭೂಮಿಯ ಮೂಗು ಕಾಣುತ್ತದೆ. ಅಲ್ಲೊಂದು ಊರು, ಅಲ್ಲೊಂದು ಕಂಬ. ಅದರಾಚೆ ಇನ್ನೊಂದು ಊರು, ಇನ್ನೊಂದು ಕಂಬ. ಗಾಳಿ ಬರುವ ಮೊದಲು ಬಟ್ಟೆ ಬರಬೇಕು. ಅಲ್ಲಿ ಏರಿದ್ದನ್ನು ನೋಡಿ ಇಲ್ಲಿ ಏರಿಸಬೇಕು. ಒಂದು ಬಟ್ಟೆಯೆಂದರೆ ಗಾಳಿ ಉಂಟು, ಹೋಗಿ ಬನ್ನಿ. ಎರಡೆಂದರೆ ತೆರೆ ಏಳುತ್ತದೆ, ಬೇಗ ಬನ್ನಿ. ಮೂರೆಂದರೆ ದೋಣಿ ಇಳಿಸಬೇಡಿ. ಬೆಳಿಗ್ಗೆ ಒಂದೇ ಇತ್ತು. ಹನ್ನೊಂದು ದೋಣಿ ಹೋದವು.

ಹೊತ್ತು ನೆತ್ತಿಗೆ ಬರುವ ಮೊದಲೇ ಕಂಬದಲ್ಲಿ ಮೂರು ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿದ್ದವು.

ಜನ ದಿಬ್ಬದ ಬುಡಕ್ಕೆ ಬಂದರು.

"ಒಂದಾದ ಮೇಲೆ ಎರಡಲ್ವಾ? ಎರಡು ಯಾವಾಗ ಏರಿಸಿದ್ದು ನೀನು? ನಿದ್ರೆ ಹೊಡೆದೆಯಾ?" ಅಂತ ದೋಣಿ ಕಟ್ಟುವ ಬಡಗಿ ಕೇಳಿದ.

"ಬಡಗಲ ಮೂಗಿನಲ್ಲಿ ಒಮ್ಮೆಗೇ ಮೂರು ಏರಿಸಿದರು ಮಾರಾಯ," ಅಂದ ಬಟ್ಟೆ ಏರಿಸುವವನು. "ನಾನೆಂತ ಮಾಡುವುದು? ನಾನು ಬಟ್ಟೆ ಕಟ್ಟುವವ. ಗಾಳಿ ಕಟ್ಟುವವ ಅಲ್ಲ."

"ದೋಣಿಗಳು?"

"ಕಾಣುವುದಿಲ್ಲ."

ಬಡಗು ಕಡೆ ಆಕಾಶ ಮತ್ತು ಕಡಲು ಒಂದೇ ಬಣ್ಣಕ್ಕೆ ಬಂದಿದ್ದವು. ತೊಳೆಯದ ಪಾತ್ರೆಯ ತಳದ ಬಣ್ಣ. ದೂರದಲ್ಲಿ ತೆರೆಗಳ ನೆತ್ತಿ ಮುರಿದು ಬಿಳಿ ಹಾರುತ್ತಿತ್ತು. ಗಾಳಿಯಲ್ಲಿ ಚಳಿ ಇತ್ತು, ಚಳಿಯಲ್ಲಿ ಮರಳಿತ್ತು. ಯಾರೂ ಮನೆಗೆ ಹೋಗಿ ಊಟ ಮಾಡಲಿಲ್ಲ. ಮಾರು ತರುವುದಕ್ಕೆ ಮಾತ್ರ ಹೋದರು.

ಅವನೂ ಹೋದ. ಗೂಟದಿಂದ ಹಗ್ಗ ಇಳಿಸಿ ನಡುವಿಗೆ ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು. ಹಣ್ಣಾದ ಬಾಳೆಹಣ್ಣಿಗೆ ಹೋಗುವ ಹಾಗೆ ಹೋಯಿತು. ತೆಗೆದರೆ ಬೆರಳಿಗೆ ನಾರಿನ ಕೆಂಪು ಪುಡಿ.

ಅವನು ಒಲೆಯಲ್ಲಿ ಬೆಂಕಿ ಎಬ್ಬಿಸಿದ. ಹಗ್ಗವನ್ನು ಬೆಂಕಿಯ ಮೇಲೆ ಹಿಡಿದ. ಒದ್ದೆ ಹೊಗೆ ಬಂತು, ಕೊಳೆತ ವಾಸನೆ ಬಂತು. ಹತ್ತೊಂಬತ್ತು ದಿನದ ನೀರು ಒಂದು ಗಳಿಗೆಗೆ ಆರುವುದಲ್ಲ. ಆರಿದರೂ ಹೋದ ನಾರು ತಿರುಗಿ ಬರುವುದಲ್ಲ. ಹೊಸದು ಹೊಸೆಯಲು ಹೊತ್ತಿಲ್ಲ. ಹೋಗದಿದ್ದರೆ ಹಗ್ಗ ಬಂಡೆ ಮುಟ್ಟುವುದಿಲ್ಲ. ಹೋದರೆ ಹಗ್ಗ ನಡುವಿನಲ್ಲಿ ಬಿಡುತ್ತದೆ. ಅವನು ಒಲೆಯ ಬೆಂಕಿ ಆರಿಸಿದ. ಆಮೇಲೆ ಹಗ್ಗ ಹೆಗಲಿಗೆ ಹಾಕಿದ.

ಆ ದಿನ ತುದಿ ಅದ್ದಲು ದಡಕ್ಕೆ ಇಳಿಯಲಿಲ್ಲ. ಇಳಿಯಲು ದಡವೇ ಇರಲಿಲ್ಲ. ತೆರೆ ಹಿತ್ತಿಲ ಬೇಲಿಗೆ ಬಂದಿತ್ತು.

ಏರಿಯ ಬಾಯಲ್ಲಿ ಮುದುಕಿ ಅವನ ಹಗ್ಗದ ತುದಿ ಬಾಯಿಗಿಟ್ಟಳು. ಅವಳ ಮುಖ ಬದಲಾಗಲಿಲ್ಲ. ಇನ್ನೊಂದು ತುದಿ ಬಾಯಿಗಿಟ್ಟಳು. ಅವನ ಮುಖ ನೋಡಿದಳು. ಅವನ ಹಿಂದೆ ಜನ ಸಾಲು ನಿಂತಿದ್ದರು.

"ಇಲ್ಲ" ಅಂತ ಅವಳು ಅನ್ನಲಿಲ್ಲ. "ಉಂಟು" ಅಂತಲೂ ಅನ್ನಲಿಲ್ಲ. ಕೈಯಿಂದ ಮುಂದೆ ಹೋಗು ಅಂದಳು.

ಅವನ ಜಾಗ ಏರಿಯ ನಡುವಿಗೆ. ದಡದ ಕಡೆ ಪಕ್ಕದಲ್ಲಿ ಬಡಗಿ. ಬಂಡೆಯ ಕಡೆ ಪಕ್ಕದಲ್ಲಿ ಉಪ್ಪು ಮಾರುವ ಹೆಂಗಸು. ಅವಳ ಗಂಡ ಹನ್ನೊಂದನೆಯ ದೋಣಿಯಲ್ಲಿದ್ದ. ಬಡಗಿ ತನ್ನ ತುದಿಯನ್ನು ಅವನ ತುದಿಗೆ ಬಿಗಿದು ಗಂಟು ಹಾಕಿ, ಗಾಳಿಗೆ ಕೇಳಲಿ ಅಂತ ಕೂಗಿದ.

"ಭಾರ ಕಟ್ಟುವವನೇ, ನೀನೇ ಹಾರಿ ಹೋಗಬೇಡ ಮತ್ತೆ. ಇಷ್ಟು ದಿನದಿಂದ ಉಂಡಿದ್ದೀಯೋ ಇಲ್ಲವೋ."

"ಅವರ ಸೊಂಟದಲ್ಲಿ ಸೀಸ ಉಂಟು. ಹಾರುವುದಿದ್ದರೆ ನೀವೇ ಮೊದಲು, ನಿಮ್ಮ ತಲೆಯಲ್ಲಿ ಏನೂ ಇಲ್ಲ," ಅಂದಳು ಉಪ್ಪಿನವಳು. ಅಂದು ನಕ್ಕಳು. ನಕ್ಕು ಬಂಡೆಯ ಕಡೆ ನೋಡಿದಳು. ಆಮೇಲೆ ನಗಲಿಲ್ಲ.

ಅರವತ್ತೊಂದು ಗಂಟು ಬಿತ್ತು. ಹಗ್ಗ ಬಂಡೆ ಮುಟ್ಟಿತು. ಗಾಳಿ ಹಗ್ಗಕ್ಕೆ ಸಿಕ್ಕಿ ಹೂಂಗುಟ್ಟತೊಡಗಿತು. ಒಂದೇ ಸಮನೆ, ಉಸಿರು ತೆಗೆದುಕೊಳ್ಳದೆ. ಆ ಸದ್ದು ಒಬ್ಬರ ಮಾರಿನಿಂದ ಇನ್ನೊಬ್ಬರ ಮಾರಿಗೆ ಹೋಗುತ್ತಿತ್ತು. ಅವನ ಮಾರಿಗೆ ಬಂದಾಗ ಮಾತ್ರ ಸದ್ದು ಕುಗ್ಗಿ, ಬಡಗಿಯ ಮಾರಿನಲ್ಲಿ ಮತ್ತೆ ಏಳುತ್ತಿತ್ತು. ಕೊಳೆತ ಹಗ್ಗ ಹೂಂ ಅನ್ನುವುದಿಲ್ಲ. ಇದನ್ನು ಅವನು ಕೇಳಿಸಿಕೊಂಡ. ಉಪ್ಪಿನವಳೂ ಕೇಳಿಸಿಕೊಂಡಳು.

"ನಿಮ್ಮದು ಯಾಕೆ ಸುಮ್ಮನಿದೆ?"

ಅವನು ಬಾಯಿ ತೆರೆದ. ಮಾತು ಹೊಟ್ಟೆಯಿಂದ ಹೊರಟು ಎದೆಗೆ ಬಂತು. ಈ ಸಲ ಅದನ್ನು ಕೂರಲು ಬಿಡಲಿಲ್ಲ.

"ನನ್ನದು ಕೊಳೆತಿದೆ ಅಕ್ಕ. ನಾನೇ ಕೊಳೆಸಿದ್ದು. ದಿನಾ ಬಾವಿನೀರು ಹಾಕಿದೆ."

ಅವಳು ಯಾಕೆ ಅಂತ ಕೇಳಲಿಲ್ಲ. ಅವಳ ಕಣ್ಣು ಅವನ ಹಗ್ಗದ ಮೇಲೆ ಹೋಯಿತು, ಅವನ ಪಕ್ಕದ ಖಾಲಿ ಜಾಗದ ಮೇಲೆ ಹೋಯಿತು.

"ಬೇರೆ ಯಾರಿಗೂ ಹೇಳಬೇಡಿ," ಅಂದಳು. "ಈಗ ಹೇಳಿದರೆ ಎಲ್ಲರ ಕೈ ಸಡಿಲ ಆಗ್ತದೆ." ಆಮೇಲೆ ಹಲ್ಲು ಕಚ್ಚಿ ಅಂದಳು, "ನನ್ನವರು ಬಾರದಿದ್ದರೆ ನಿಮ್ಮ ಮನೆ ಬಾಗಿಲಿಗೆ ಬರ್ತೇನೆ. ದಿನಾ ಬರ್ತೇನೆ."

"ಬಾ," ಅಂದ ಅವನು.

ಮೊದಲ ದೋಣಿ ಬಂಡೆಯ ಬಳಿ ಕಂಡಿತು. ತೆರೆ ಅದನ್ನು ಎತ್ತಿತು, ಮುಳುಗಿಸಿತು, ಎತ್ತಿತು. ದೋಣಿಯ ಮುಂದಿದ್ದವನು ಹಗ್ಗಕ್ಕೆ ಕೈ ಹಾಕಿದ. ಕೈ ದಾಟಿಸಿ ಕೈ ದಾಟಿಸಿ ಬಂದ. ಉಪ್ಪಿನವಳ ಮಾರು ದಾಟಿ ಭಾರ ಕಟ್ಟುವವನ ಮಾರಿಗೆ ಕೈ ಇಟ್ಟಾಗ, ಹಗ್ಗದ ಹಿಂದೆ ನಿಂತಿದ್ದ ಅವನು ತನ್ನ ಎರಡೂ ಕೈಯಿಂದ ಗಂಟುಗಳನ್ನು ಒಳಕ್ಕೆ ಎಳೆದು ಹಿಡಿದ. ಎಳೆತ ಹಗ್ಗಕ್ಕೆ ಬೀಳದೆ ಅವನ ತೋಳಿಗೆ ಬಿತ್ತು. ದೋಣಿ ದಾಟಿತು. ಎರಡನೆಯದು ಬಂತು, ಅದೂ ದಾಟಿತು. ಮೂರು. ನಾಲ್ಕು. ದೋಣಿ ದೋಣಿಗೂ ನಾರಿನ ಒಂದೊಂದು ಎಳೆ ಟಪ್ ಅನ್ನುತ್ತಿತ್ತು. ಐದು. ಆರು. ತೆರೆ ಏರಿಯ ಮೇಲೆ ಹತ್ತಿ ಎಲ್ಲರ ಮೊಣಕಾಲು ಮುಳುಗಿಸಿ ಆಚೆ ಇಳಿಯುತ್ತಿತ್ತು. ಯಾರೂ ಹಗ್ಗ ಬಿಡಲಿಲ್ಲ. ಏಳು. ಎಂಟು. ಒಂಬತ್ತನೆಯದು ಬರುವಾಗ ಅವನ ಹಗ್ಗದಲ್ಲಿ ಮೂರು ಎಳೆ ಉಳಿದಿತ್ತು. ಹತ್ತನೆಯದು ದಾಟಿದಾಗ ಒಂದು.

ಹನ್ನೊಂದನೆಯದು ಕಾಣಲಿಲ್ಲ.

ಹೊತ್ತು ಇಳಿಯಿತು. ಬೆಳಕು ಬೂದಿಯಾಗುತ್ತಾ ಬಂತು. ಏರಿಯ ಬಾಯಿಂದ ಯಾರೋ ಗಂಟು ಬಿಚ್ಚುವ ಹೊತ್ತಾಯಿತು ಅಂತ ಕೂಗಿದರು. ಉಪ್ಪಿನವಳು ಅವನ ಕಡೆ ತಿರುಗಲೇ ಇಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಬೆನ್ನಿಗೆ ಅಂಟಿದ ಒದ್ದೆ ಸೀರೆ ಕಾಣುತ್ತಿತ್ತು.

"ಬಂತು," ಅಂತ ಬಡಗಿ ಕೂಗಿದ.

ಬಂಡೆಯ ಬಿಳಿ ನೊರೆಯಿಂದ ದೋಣಿಯ ಕಪ್ಪು ಮೂತಿ ಎದ್ದಿತ್ತು. ಉಪ್ಪಿನವಳ ಗಂಡ ಹಗ್ಗಕ್ಕೆ ಕೈ ಹಾಕಿದ. ಅದೇ ಹೊತ್ತಿಗೆ ತೆರೆ ಬಂದು ದೋಣಿಯನ್ನು ಆಚೆಗೆ ಎಳೆಯಿತು. ಇಡೀ ಹಗ್ಗ ಒಮ್ಮೆ ಬಿಗಿಯಿತು. ಭಾರ ಕಟ್ಟುವವನ ಮಾರಿನ ಕೊನೆಯ ಎಳೆ ಸದ್ದಿಲ್ಲದೆ ಬಿಟ್ಟಿತು.

ಹಗ್ಗ ಎರಡಾಯಿತು. ಕೊಳೆತ ತುಂಡುಗಳು ಎರಡೂ ಕಡೆ ಜೋತಾಡಿದವು. ಬಂಡೆಯ ಕಡೆಯ ಅರ್ಧ ಜಾರತೊಡಗಿತು, ಉಪ್ಪಿನವಳು ಅದರ ಜೊತೆಗೆ ಎರಡು ಹೆಜ್ಜೆ ಜಾರಿದಳು. ಬಡಗಿಯ ಕೈ ಮುಂದೆ ಬಂದು ಗಾಳಿಯಲ್ಲಿ ನಿಂತಿತು. ಒಬ್ಬರ ಮಾರನ್ನು ಇನ್ನೊಬ್ಬರು ಮುಟ್ಟಬಾರದು.

ಭಾರ ಕಟ್ಟುವವ ಏರಿಯ ಅಂಚಿಗೆ ಬಂದ. ಎರಡು ಕಲ್ಲಿನ ಸಂದಿಗೆ ಕಾಲು ತುರುಕಿದ. ಬಲಗೈಯಿಂದ ಬಡಗಿಯ ಕಡೆಯ ಗಂಟು ಹಿಡಿದ, ಎಡಗೈಯಿಂದ ಉಪ್ಪಿನವಳ ಕಡೆಯ ಗಂಟು ಹಿಡಿದ, ಎರಡನ್ನೂ ಹತ್ತಿರಕ್ಕೆ ಎಳೆದ. ಮೊದಲಿದ್ದಷ್ಟೇ ಅಂತರಕ್ಕೆ ಬಂದು ಅವು ನಿಂತವು. ಅದು ಅವನ ಮಾರಲ್ಲ. ಅವನ ಕೈ ಹೆಂಡತಿಯ ಕೈಗಿಂತ ಉದ್ದ. ಪೂರ್ತಿ ಚಾಚಬೇಕಾಗಿರಲಿಲ್ಲ, ಮೊಣಕೈ ಒಂದು ಚೂರು ಮಡಿಸಬೇಕಿತ್ತು. ಅವಳು ಎರಡೂ ಕೈ ಚಾಚಿ ನಿಂತರೆ ಎಷ್ಟು ಅಗಲವೋ ಅಷ್ಟೇ ಅಗಲದಲ್ಲಿ ಅವನು ನಿಂತ.

ತೋಳಿನ ಕೀಲು ಕಿತ್ತು ಬರುವ ಹಾಗಾಯಿತು. ಸೊಂಟದ ಸೀಸ ಅವನನ್ನು ಕಲ್ಲಿಗೆ ಒತ್ತಿ ಹಿಡಿದಿತ್ತು. ಗಾಳಿ ಹೂಂಗುಟ್ಟುತ್ತಾ ಹಗ್ಗದುದ್ದಕ್ಕೂ ಬಂತು. ಉಪ್ಪಿನವಳ ಮಾರಿನಿಂದ ಅವನ ಎಡಗೈಗೆ ಹತ್ತಿ, ಎದೆಯಲ್ಲಿ ಸುತ್ತಿ, ಬಲಗೈಯಿಂದ ಬಡಗಿಯ ಮಾರಿಗೆ ಹೋಯಿತು. ನಡುವೆ ಎಲ್ಲಿಯೂ ಕುಗ್ಗಲಿಲ್ಲ.

ದೋಣಿ ಬಂತು. ಉಪ್ಪಿನವಳ ಗಂಡನಿಗೆ ಕಣ್ಣಿಗೆ ಉಪ್ಪುನೀರು ಹೊಡೆದು ಏನೂ ಕಾಣುತ್ತಿರಲಿಲ್ಲ. ಅವನು ಕೈಯಿಂದಲೇ ನೋಡುತ್ತಾ ಬರುತ್ತಿದ್ದ. ಹೆಂಡತಿಯ ಮಾರು ಮುಗಿದು ಕೈ ಮುಂದಿಟ್ಟಾಗ ಮಣಿಕಟ್ಟು ಸಿಕ್ಕಿತು. ಆಮೇಲೆ ಮೊಣಕೈ. ಆಮೇಲೆ ಹೆಗಲು. ಮಂಜುಗಟ್ಟಿದ ಹಾಗಿದ್ದ ಎರಡು ಕೈ ಭಾರ ಕಟ್ಟುವವನ ಕುತ್ತಿಗೆಯ ಮೇಲೆ ಒಂದು ಗಳಿಗೆ ನಿಂತವು.

"ಇದ್ಯಾರ ಮಾರು? ಬೆಚ್ಚಗುಂಟಲ್ಲ," ಅಂದ ದೋಣಿಯವನು.

ಆಮೇಲೆ ಇನ್ನೊಂದು ಹೆಗಲು. ಮೊಣಕೈ. ಮಣಿಕಟ್ಟು. ಅಲ್ಲಿಂದ ಬಡಗಿಯ ಹಗ್ಗ. ದೋಣಿ ದಾಟಿತು.

ಗಂಟು ಬಿಚ್ಚಲು ಎಲ್ಲರೂ ಬಗ್ಗಿದರು. ಅವನ ಕೈ ಮಾತ್ರ ಹಾಗೇ ಇತ್ತು. ಇಳಿಸಲು ಬರಲಿಲ್ಲ. ಉಪ್ಪಿನವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹಗ್ಗವನ್ನು ಮುಟ್ಟಲಿಲ್ಲ, ಬೆರಳನ್ನು ಮಾತ್ರ ಮುಟ್ಟಿದಳು. ಗಂಡನನ್ನು ನೋಡಲು ಓಡುವ ಮೊದಲು ಅಂದಳು, "ನಿಮ್ಮ ಮನೆ ಬಾಗಿಲಿಗೆ ಹೇಗೂ ಬರ್ತೇನೆ. ಗಂಜಿ ತರ್ತೇನೆ."

ಅವನು ಎರಡು ಕೊಳೆತ ತುಂಡು ಹೆಗಲಿಗೆ ಹಾಕಿಕೊಂಡು ಏರಿಯ ಬಾಯಿಗೆ ಬಂದ. ಮುದುಕಿ ಇನ್ನೂ ಕೂತಿದ್ದಳು. ಹಗ್ಗದ ತುದಿ ಕೇಳಲಿಲ್ಲ. ಅವನ ಮಣಿಕಟ್ಟು ಹಿಡಿದು ಎಳೆದು, ಚರ್ಮ ಕಿತ್ತುಹೋಗಿದ್ದ ಜಾಗಕ್ಕೆ ನಾಲಿಗೆ ಮುಟ್ಟಿಸಿದಳು. ಇನ್ನೊಂದು ಮಣಿಕಟ್ಟನ್ನೂ ಹಾಗೇ ಮಾಡಿದಳು.

"ಉಂಟು," ಅಂದಳು. ಆಮೇಲೆ, ಅಪರೂಪಕ್ಕೆ ಇನ್ನೊಂದು ಮಾತು ಅಂದಳು. "ನಾಳೆ ಹೊಸದು ತಾ. ಎಷ್ಟುದ್ದ ಅಂತ ನಿನ್ನ ಕೈಗೆ ಗೊತ್ತುಂಟು."

ಮರುದಿನ ಬೆಳಿಗ್ಗೆ ಕಂಬದಲ್ಲಿ ಬಟ್ಟೆ ಇರಲಿಲ್ಲ. ಅವನು ಬಾಗಿಲು ತೆಗೆದ. ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ರಾತ್ರಿ ಕಳೆಯುವಷ್ಟರಲ್ಲಿ ತೋಳು ಬಿಗಿದು ಕೈ ಮೇಲೆತ್ತಲು ಆಗುತ್ತಿರಲಿಲ್ಲ, ಅದಕ್ಕೆ ಹಗ್ಗದ ತುಂಡುಗಳನ್ನು ಗೂಟದಿಂದ ಹಲ್ಲಿನಲ್ಲಿ ಕಚ್ಚಿ ಇಳಿಸಿದ. ಅಂಗಳದ ಒಗೆಯುವ ಕಲ್ಲಿನ ಮೇಲೆ ಎರಡನ್ನೂ ಉದ್ದಕ್ಕೆ ಹಾಕಿದ. ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಹಗ್ಗದಿಂದ ಸಣ್ಣಗೆ ಹಬೆ ಏಳತೊಡಗಿತು. ಒಂದು ಬದಿ ಬೆಚ್ಚಗಾದ ಮೇಲೆ ತುಂಡುಗಳ ಮಗ್ಗುಲು ಬದಲಿಸಿದ.

"ಹೂಂ," ಅಂದ. "ಕೇಳಿತು."

ಹಬೆ ನಿಂತಿತು. ಅವನು ಬಿಂದಿಗೆಯ ನೀರನ್ನು ಬಸಳೆ ಬಳ್ಳಿಯ ಬುಡಕ್ಕೆ ಹೊಯ್ದು, ಒಳಗಿನಿಂದ ನಾರು ತಂದು, ಹೊಸೆಯಲು ಕೂತ.